ದಾರಿ ಸವರುವವರು

ಹುತ್ರಿದುರ್ಗಕ್ಕೆ ಏಳು ಸುತ್ತಿನ ಕೋಟೆ ಎನ್ನುತ್ತಾರೆ. ಕುಣಿಗಲ್ ತಾಲ್ಲೂಕಿನ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದವರು ಕೆಂಪೇಗೌಡರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗದ ಬೆನ್ನಿಗೇ ಇದನ್ನೂ ಟಿಪ್ಪುವಿನಿಂದ ಕಿತ್ತುಕೊಂಡಿತು. ಈಗ ಮುತ್ತಿಗೆ ಹಾಕಿರುವುದು ಲಂಟಾನ. ಸಂತೇಪೇಟೆಯಿಂದ ಹೊರಟ ಕಾಲುದಾರಿ ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ಮಾಯವಾಗಿರುತ್ತದೆ.

ಅದನ್ನು ಬಿಡಿಸಲು ಭಾನುವಾರ ಬರುವ ಗುಂಪಿಗೆ ನಾನೂ ಒಂದು ಬಾಲ. ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಇದ್ದಷ್ಟು ಜನ ಬೆಟ್ಟದ ಬುಡದಲ್ಲಿ ಇರುವುದಿಲ್ಲ, ಅದು ಬೇರೆ ಮಾತು. ನಮ್ಮಂಥವರು ಕೈಗವಸು ತಂದಿರುತ್ತೇವೆ. ಮಚ್ಚು, ಹಾರೆ, ಸನಿಕೆ ತರುವವರು ಗುಬ್ಬಿ ಕಡೆಯ ಅಡಿಕೆ ತೋಟದವರು. ಲಂಟಾನವನ್ನು ಮೇಲಷ್ಟೇ ಸವರಿದರೆ ಮುಂದಿನ ಮಳೆಗೆ ಇನ್ನೂ ಹುಲುಸಾಗಿ ಚಿಗುರುತ್ತದೆ, ಏಟು ಬುಡಕ್ಕೇ ಬೀಳಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಿಡಕ್ಕಿಂತ ದೊಡ್ಡ ತಂಟೆ ನೀರಿನದು. ದಾರಿ ತುಸು ತಗ್ಗಾದರೆ ಸಾಕು, ಮಳೆನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಮಣ್ಣು ಕೊಚ್ಚಿಹೋಗಿ ಕಲ್ಲು ಏಳುತ್ತದೆ. ಕಲ್ಲು ತಪ್ಪಿಸಲು ಜನ ಪಕ್ಕದಲ್ಲೇ ಇನ್ನೊಂದು ದಾರಿ ತುಳಿಯುತ್ತಾರೆ, ಅದೂ ಕೊರೆಯುತ್ತದೆ. ಇದಕ್ಕೆ ಮದ್ದು, ದಾರಿಗಡ್ಡವಾಗಿ ಓರೆಗೆ ಒಂದು ಸಾಲು ಕಲ್ಲು ಹೂಳುವುದು. ಕಲ್ಲಿನ ಹೆಚ್ಚು ಪಾಲು ಮಣ್ಣೊಳಗೇ ಇರಬೇಕು. ಓಡಿಬಂದ ನೀರು ಅದಕ್ಕೆ ತಾಗಿ ಇಳಿಜಾರಿನತ್ತ ಹೊರಳಿಕೊಳ್ಳುತ್ತದೆ.

ಇಂಜಿನಿಯರಿಂಗ್ ಓದುವ ಹುಡುಗರಿಬ್ಬರು ದಾರ ಕಟ್ಟಿ, ಅಚ್ಚುಕಟ್ಟಾಗಿ ನೇರಕ್ಕೆ ಕಲ್ಲು ಜೋಡಿಸುತ್ತಿದ್ದರು. ಮೇಕೆ ಅಟ್ಟಿಕೊಂಡು ಬಂದ ಅಜ್ಜ ನಿಂತು ನೋಡಿದರು.

“ಕಟ್ಟೆ ಕಟ್ತಿದ್ದೀರೇನ್ರಪ್ಪ? ನೀರ್ನ ಅತ್ಲಾಗೆ ಹೋಗಕ್ ಬಿಡಿ,” ಎಂದು ಕೋಲಿನಿಂದ ನೆಲದ ಮೇಲೆ ಓರೆಗೆರೆ ಎಳೆದರು. ಹುಡುಗರು ಮಾತಾಡದೆ ದಾರ ಬಿಚ್ಚಿದರು.

ಇದಕ್ಕೆ ಶ್ರಮದಾನ ಎಂದು ನಾವು ಬ್ಯಾನರ್ ಕಟ್ಟುತ್ತೇವೆ. ಬೆಟ್ಟದ ದೇವರ ಜಾತ್ರೆ ಹತ್ತಿರ ಬಂದಾಗ ಮನೆಗೊಂದಾಳು ಹೊರಟು ದಾರಿ ಸವರುತ್ತಿದ್ದ ಹಳ್ಳಿಯವರಿಗೆ ಅದರ ಗೊಡವೆ ಇರಲಿಲ್ಲ. ಬ್ಯಾನರ್ ಹಾಳಾಗಲಿ, ಸಂಜೆಗೆ ಬಿಚ್ಚಬಹುದು. ನನ್ನ ತಕರಾರು ಬಣ್ಣದ ಡಬ್ಬಿಯ ಮೇಲೆ. ಯಾರೂ ದಾರಿ ತಪ್ಪಬಾರದೆಂದು ಬಂಡೆಬಂಡೆಗೂ, ಕೊನೆಗೆ ಕೋಟೆಗೋಡೆಗೂ ಬಾಣದ ಗುರುತು ಬಳಿಯುವ ಉತ್ಸಾಹಿಗಳಿದ್ದಾರೆ. ಲಂಟಾನವನ್ನಾದರೂ ಕೀಳಬಹುದು, ಎನಾಮಲ್ ಬಣ್ಣ ಕೆರೆಯಲು ಹೋದರೆ ಕಲ್ಲೂ ಗೀರಾಗುತ್ತದೆ. ದಾರಿ ಗೊತ್ತಿಲ್ಲದಿದ್ದರೆ ಸಂತೇಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಹೇಳುವ ಮೊದಲು ಯಾವ ಊರು, ಯಾರ ಮನೆ ಎಂದು ವಿಚಾರಿಸುತ್ತಾರೆ ಅಷ್ಟೆ.