ಹುಬ್ಬಳ್ಳಿಗೆ ಒಂದೇ ಗಂಟೆ ಅಂತೆ!

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲ್‌ನಲ್ಲಿ ಹುಡುಕಿ ನೋಡಿ. ಒಂದು ಗಂಟೆ ಚಿಲ್ಲರೆ ಅನ್ನುತ್ತೆ. ದೂರ ಸುಮಾರು 370 ಕಿ.ಮೀ., ವಿಮಾನದವರ ಲೆಕ್ಕದಲ್ಲಿ 200 ನಾಟಿಕಲ್ ಮೈಲು. ಅದು ದೇವನಹಳ್ಳಿಯ ರನ್‌ವೇಯಿಂದ ಗೋಕುಲ ರಸ್ತೆಯ ರನ್‌ವೇಗೆ ನೇರ ದಾರ ಹಿಡಿದು ಅಳೆದ ದೂರ. ಆದರೆ ನಾನಿರೋದು ಕುರುಬರಹಳ್ಳಿಯಲ್ಲಿ!

ನಮ್ಮ ಮನೆಯಿಂದ ಹುಬ್ಬಳ್ಳಿ ಇರೋದು ವಾಯವ್ಯಕ್ಕೆ. ವಿಮಾನ ನಿಲ್ದಾಣ ಈಶಾನ್ಯಕ್ಕೆ. ಯಶವಂತಪುರ, ಬಿಇಎಲ್ ಸರ್ಕಲ್, ಹೆಬ್ಬಾಳ ದಾಟಿ ಸುಮಾರು 35 ಕಿ.ಮೀ. ಹೋಗಬೇಕು. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೆ ಮುಗೀತು. ಹೋಗಿ ಹತ್ತಿದ ಮೇಲೆ ಅದೇ ವಿಮಾನ ಮತ್ತೆ ಪಶ್ಚಿಮಕ್ಕೇ ತಿರುಗುತ್ತೆ. 2008ರ ಮೇ ತನಕ ವಿಮಾನಗಳು ಎಚ್ಎಎಲ್‌ನಿಂದಲೇ ಹಾರುತ್ತಿದ್ದವು. ಅದೂ ನಮಗೆ ಊರಿನ ಆ ತುದಿಯೇ, ಆದರೂ ಊರೊಳಗಿತ್ತು.

ಹುಬ್ಬಳ್ಳಿ ಕಡೆಗೆ ಹಾರುವ ರೆಕ್ಕೆಫ್ಯಾನಿನ ಎಟಿಆರ್ ಗಂಟೆಗೆ 500 ಕಿ.ಮೀ. ಆಸುಪಾಸು ಹೋಗುತ್ತೆ. ಹಾಗಾದರೆ ಮುಕ್ಕಾಲು ಗಂಟೆ ಸಾಕಲ್ಲ? ಸಾಲದು. ಟಿಕೆಟ್‌ನಲ್ಲಿರೋ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕದ್ದು. ರನ್‌ವೇ ತನಕ ಉರುಳೋದು, ಸರದಿ ಕಾಯೋದು, ಏರೋದು, ಇಳಿಯೋದು ಎಲ್ಲ ಅದರಲ್ಲಿ ಸೇರಿರುತ್ತೆ. ಇದಕ್ಕೆ ಮನೆಯಿಂದ ಒಂದೂಕಾಲು ಗಂಟೆ, ಚೆಕ್-ಇನ್, ಸೆಕ್ಯುರಿಟಿಗೆ ಒಂದೂವರೆ, ಹುಬ್ಬಳ್ಳಿಯಲ್ಲಿ ಆಟೊ ಹಿಡಿಯೋಕೆ ಅರ್ಧ ಸೇರಿಸಿ. ನಾಲ್ಕೂವರೆ ಗಂಟೆ ಆಯ್ತು. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ರೈಲು ಯಶವಂತಪುರದಲ್ಲೇ ನಿಲ್ಲುತ್ತೆ. ಮನೆಯಿಂದ ಆಟೊದಲ್ಲಿ ಕಾಲು ಗಂಟೆ, ಆಮೇಲೆ ಐದಾರು ಗಂಟೆ ಕಿಟಕಿ ಪಕ್ಕ ಕೂರೋದು ಅಷ್ಟೆ.

ಈ ಲೆಕ್ಕ ನನಗೆ ಬಾಯಿಪಾಠ ಆಗಿದ್ದು ಕಳೆದ ವರ್ಷ. ರಾತ್ರಿ ಒಂಬತ್ತಕ್ಕೆ ತಮ್ಮನ ಫೋನ್. "ಅಕ್ಕಾ, ಅಪ್ಪಾರಿಗೆ ಎದಿ ನೋವು ಬಂದೈತಿ. ದವಾಖಾನ್ಯಾಗ ಅದೇವಿ. ಮುಂಜಾನೆ ಎಂಟಕ್ಕ ಆಂಜಿಯೋಪ್ಲಾಸ್ಟಿ ಅಂತ. ಲಗೂ ಬಾ."

ನನ್ನವರು ಆಗಲೇ ಫೋನ್‌ನಲ್ಲಿ ಬೆಳಗಿನ ಫ್ಲೈಟ್ ನೋಡ್ತಿದ್ದರು. ಎಷ್ಟು ಬೇಗ ಹೊರಟರೂ ಆಸ್ಪತ್ರೆ ಮುಟ್ಟೋದು ಒಂಬತ್ತರ ಮೇಲೆ. ಬಸ್ಸಿಗೆ ಏಳೂವರೆ ಗಂಟೆ ಬೇಕು ನಿಜ, ಆದರೆ ಅದು ಈಗಲೇ ಹೊರಡುತ್ತೆ! ಹತ್ತೂವರೆಗೆ ಗೊರಗುಂಟೆಪಾಳ್ಯದಲ್ಲಿ ಸ್ಲೀಪರ್ ಹತ್ತಿದೆ. ನಿದ್ದೆ ಎಲ್ಲಿಂದ ಬರಬೇಕು? ತುಮಕೂರು, ಚಿತ್ರದುರ್ಗ, ದಾವಣಗೆರೆ ಅಂತ ಮ್ಯಾಪಿನಲ್ಲಿ ಆ ನೀಲಿ ಚುಕ್ಕೆ ನೋಡ್ತಾ ಕೂತೆ. ಆರೂವರೆಗೆ ಅಪ್ಪನ ಮಂಚದ ಪಕ್ಕ ಇದ್ದೆ. ಒಳಗೆ ಕರೆದುಕೊಂಡು ಹೋಗೋ ಮುಂಚೆ ಅವರು ಕೇಳಿದ್ದು, "ವಿಮಾನದಾಗ ಬಂದಿಯೇನು, ಇಷ್ಟ ಲಗೂ?"

ಅಪ್ಪ ಈಗ ಚೆನ್ನಾಗಿದ್ದಾರೆ. ಮುಂದಿನ ತಿಂಗಳು ನಮ್ಮ ಮನೆಗೆ ಬರ್ತಾರೆ, ವಿಮಾನದಲ್ಲೇ. ಅವರ ಮನೆ ಗೋಕುಲ ರಸ್ತೆಯಲ್ಲಿ, ನಿಲ್ದಾಣಕ್ಕೆ ಹತ್ತು ನಿಮಿಷ. ಐದಾರು ಗಂಟೆ ಕೂತರೆ ಅವರ ಕಾಲು ಊದುತ್ತೆ. ಹಾಗಾಗಿ ಅದೇ 370 ಕಿ.ಮೀ. ಆ ತುದಿಯಿಂದ ಲಾಭದ್ದೇ. ಈ ತುದಿಯ ಹೆಬ್ಬಾಳ ನನ್ನ ಪಾಲಿಗೆ. ಭಾನುವಾರದ ಬೆಳಗಿನ ಟಿಕೆಟ್ಟೇ ತೆಗಿ ಅಂತ ತಮ್ಮನಿಗೆ ಹೇಳಿದ್ದೀನಿ.