ಬಿಡಾರ ಬದಲಾದ ಮೇಲೆ

ಮನೆ ಬಿಟ್ಟು ಮನೆಗೆ ಹೋಗುವ ಕಷ್ಟವನ್ನು ಅನುಭವಿಸದ ಸಂಸಾರಿಗಳು ವಿರಳ. 2024ನೆಯ ಇಸವಿಯ ಮೇ ತಿಂಗಳಲ್ಲಿ ನಾನೂ ನನ್ನ ಗೃಹಿಣಿಯೂ ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ ಮೈಸೂರಿನ ಲಕ್ಷ್ಮೀಪುರದ ಮನೆಯನ್ನು ಬಿಟ್ಟು, ಮಗಳಿಗೆ ಹತ್ತಿರವಾಗಲೆಂದು ಬೆಂಗಳೂರಿನ ಬಸವನಗುಡಿಗೆ ಬಂದೆವು. ಹೊರಡುವ ಹಿಂದಿನ ದಿನ ಆಕೆ ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿ, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಳು. ನಲವತ್ತೊಂದು ಗಂಟುಗಳು ಹೊರಟವು, ನಲವತ್ತೊಂದೂ ತಲಪಿದವು. ಒಂದು ಲೋಟ ಕೂಡ ಕಳೆಯಲಿಲ್ಲವೆಂದು ಇಬ್ಬರೂ ಹೆಮ್ಮೆಪಟ್ಟೆವು. ನಾನು ಹಲವು ವರ್ಷಗಳಿಂದ ಬ್ಯಾಂಕಿಗೆ ಕೊಡುತ್ತ ಬಂದಿದ್ದ ಅಪ್ಪಣೆಗಳು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅವು ನನ್ನ ಮನಸ್ಸಿನಲ್ಲಿಯೂ ಇರಲಿಲ್ಲ.

ನಾನು ಮೇಷ್ಟರ ಕೆಲಸ ಮಾಡಿದವನು. ಜಮಾಖರ್ಚಿನ ಪುಸ್ತಕವನ್ನು ಒಂದು ದಿನವೂ ತಪ್ಪದೆ ಬರೆದವನು. ಹಿಂದೆ ವಿದ್ಯುತ್ತಿನ ಬಿಲ್ಲನ್ನೋ ವಿಮೆಯ ಕಂತನ್ನೋ ಸಾಲಿನಲ್ಲಿ ನಿಂತು ಕಟ್ಟುತ್ತಿದ್ದಾಗ ಕಟ್ಟಿದ ದಿನವು ನೆನಪಿನಲ್ಲಿ ಉಳಿಯುತ್ತಿದ್ದಿತು. ಆ ದಿನ ಬಿಸಿಲು ಸುಡುತ್ತಿತ್ತು, ಗುಮಾಸ್ತನು ಚಿಲ್ಲರೆ ಇಲ್ಲವೆಂದು ಸಿಡುಕಿದ್ದನು. ಆಟೋ ಡೆಬಿಟ್ ಎಂಬ ಸೌಕರ್ಯವು ಬಂದ ಮೇಲೆ ಬಿಸಿಲೂ ತಪ್ಪಿತು, ಗುಮಾಸ್ತನೂ ತಪ್ಪಿದನು. ಕ್ರಮೇಣ ಪುಸ್ತಕವೂ ತಪ್ಪಿತು. ನನ್ನ ಪರವಾಗಿ ಯಾರೋ ಲೆಕ್ಕವಿಡುತ್ತಿರುವಾಗ ನಾನೇಕೆ ಇಡಬೇಕು, ಎಂದುಕೊಂಡೆನು.

ಬೆಂಗಳೂರಿಗೆ ಬಂದ ಕೂಡಲೆ ಪಿಂಚಣಿಯನ್ನು ಸಮೀಪದ ಬ್ಯಾಂಕಿಗೆ ವರ್ಗ ಮಾಡಿಸಿಕೊಂಡೆನು. ಮೈಸೂರಿನ ಖಾತೆಯಲ್ಲಿ ಮೂವತ್ತು ಸಾವಿರ ರೂಪಾಯಿಗಳನ್ನು ಬಿಟ್ಟಿದ್ದೆನು. ನಮ್ಮಿಬ್ಬರ ಆರೋಗ್ಯವಿಮೆಯ ವಾರ್ಷಿಕ ಕಂತು 27,860 ರೂಪಾಯಿ; ಅದು ಪ್ರತಿ ವರ್ಷ ಮಾರ್ಚಿ 11ರಂದು ಆ ಖಾತೆಯಿಂದ ತಾನಾಗಿಯೇ ಸಂದಾಯವಾಗುತ್ತಿದ್ದಿತು. ಎರಡು ಸಾವಿರ ಹೆಚ್ಚಾಗಿಯೇ ಇದೆಯಲ್ಲ ಎಂಬ ಸಮಾಧಾನದಿಂದ ಆ ವಿಷಯವನ್ನು ಮರೆತೆನು.

2025ನೆಯ ಇಸವಿಯ ಏಪ್ರಿಲ್ 3ರ ಬೆಳಗ್ಗೆ ಮೈಸೂರಿನಿಂದ ಹಳೆಯ ಮನೆಯ ಮಾಲೀಕರ ತಾಯಿ ಫೋನ್ ಮಾಡಿದರು. ಅವರನ್ನು ನಾವು ಅಜ್ಜಮ್ಮ ಎಂದೇ ಕರೆಯುವುದು. “ಮೇಷ್ಟ್ರೇ, ನಿಮ್ಮ ಹೆಸರಿಗೆ ಒಂದು ಕವರು ಬಂದು ವಾರವಾಯಿತು. ನೀವು ಬಂದಾಗ ಕೊಡೋಣ ಅಂತ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೆ. ಇವತ್ತು ಮೊಮ್ಮಗ ನೋಡಿ, ಇದು ವಿಮೆಯವರದು, ಹೇಳಿಬಿಡಜ್ಜಿ ಅಂದ.” ಒಡೆದು ಓದಿಸಬೇಕೆಂದು ಬೇಡಿದೆನು. ಹುಡುಗನು ಓದಿದನು: ಹಣ ಸಾಲದ ಕಾರಣ ಕಂತು ವಸೂಲಾಗಲಿಲ್ಲ, ವಾಯಿದೆ ಕಳೆದ ಮೂವತ್ತು ದಿನಗಳೊಳಗೆ ಕಟ್ಟದಿದ್ದರೆ ಪಾಲಿಸಿ ರದ್ದಾಗುವುದು. ಅಂದು ಇಪ್ಪತ್ತಮೂರನೆಯ ದಿನ.

ವಾಚಕರಲ್ಲಿ ಕೆಲವರಿಗೆ ಇದೇನು ಮಹಾ ಎನ್ನಿಸಬಹುದು. ಮತ್ತೊಂದು ಪಾಲಿಸಿ ಮಾಡಿಸಿದರಾಯಿತು ಎನ್ನಬಹುದು. ನನ್ನಾಕೆಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಉಂಟು. 2019ರಲ್ಲಿ ಪಾಲಿಸಿ ಮಾಡಿಸಿದಾಗ, ಮೊದಲೇ ಇದ್ದ ಕಾಯಿಲೆಗಳಿಗೆ ನಾಲ್ಕು ವರ್ಷ ಏನೂ ದೊರೆಯದೆಂಬ ನಿಬಂಧನೆಯಿದ್ದಿತು. ಆ ನಾಲ್ಕು ವರ್ಷಗಳನ್ನು ಒಂದೊಂದಾಗಿ ಎಣಿಸಿ ಕಳೆದಿದ್ದೆವು. 2024ರಿಂದ ಆ ಅವಧಿಯು ಮೂರು ವರ್ಷಗಳನ್ನು ಮೀರಬಾರದೆಂದು ನಿಯಮವಾಗಿದೆ, ನಿಜ. ಆದರೆ ಅರುವತ್ತು ದಾಟಿದವರಿಗೆ ಮೂರು ವರ್ಷವೇನು ಅಲ್ಪವೆ?

ಮಗಳು ಅಂದು ಮಧ್ಯಾಹ್ನದೊಳಗೆ ಮೊಬೈಲಿನಲ್ಲಿಯೇ ಹಣ ಕಟ್ಟಿಸಿದಳು. ರಶೀತಿ ಬಂದಿತು, ಪಾಲಿಸಿ ಉಳಿಯಿತು, ಹಿಂದಿನ ವರ್ಷಗಳ ಎಣಿಕೆಯೂ ಉಳಿಯಿತು. ಆದರೆ ರಶೀತಿಯ ಕೆಳಗಿನ ಸಣ್ಣಕ್ಷರಗಳನ್ನು ಓದಿದಾಗ ಎದೆ ಧಸಕ್ಕೆಂದಿತು. ವರ್ಷದ ಕಂತನ್ನು ಒಟ್ಟಿಗೆ ಕಟ್ಟುವವರಿಗೆ, ಹಣ ಸಲ್ಲುವ ವರೆಗಿನ ದಿನಗಳಿಗೆ ರಕ್ಷಣೆಯಿಲ್ಲ. ಮಾರ್ಚಿ 20ರ ರಾತ್ರಿ ಆಕೆಗೆ ತಲೆಸುತ್ತು ಬಂದು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಿದ್ದೆವು. ಡಾಕ್ಟರು ಎರಡು ದಿನ ಇರಬೇಕೆಂದರು. ನಾನು ಧಾರಾಳವಾಗಿ, “ಇರಲಿ, ವಿಮೆ ಇದೆಯಲ್ಲ” ಎಂದಿದ್ದೆನು. ಆಕೆ ಒಪ್ಪದೆ, ನಾಲ್ಕು ಗಂಟೆ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದಳು. ಆ ರಾತ್ರಿ ವಿಮೆ ಇರಲಿಲ್ಲ. ತಲೆಸುತ್ತು ಹೃದಯದ ಬೇನೆಯಾಗಿದ್ದರೆ, ಎಂಬ ಯೋಚನೆಯು ಅನೇಕ ರಾತ್ರಿ ನನ್ನ ನಿದ್ರೆಯನ್ನು ಕೆಡಿಸಿತು.

ಮೂವತ್ತು ಸಾವಿರ ಎಲ್ಲಿ ಹೋಯಿತೆಂದು ತಿಳಿಯಲು ಮರುದಿನವೇ ಮೈಸೂರಿಗೆ ಹೋದೆನು. ಪಾಸ್‌ಬುಕ್ಕನ್ನು ಅಚ್ಚು ಹಾಕಿಸಿ ನೋಡಿದರೆ, ಪ್ರತಿ ತಿಂಗಳೂ 589 ರೂಪಾಯಿ. ಅದು ನಾವು ಬಿಟ್ಟುಬಂದ ಮನೆಯ ಇಂಟರ್‌ನೆಟ್ಟಿನ ಬಾಡಿಗೆ! ಹೊರಡುವಾಗ ಪೆಟ್ಟಿಗೆಯನ್ನು ಬಿಚ್ಚಿ ಲೈನ್‌ಮನ್ನಿನ ಕೈಗೆ ಕೊಟ್ಟಿದ್ದೆನು. ಅಲ್ಲಿಗೆ ಸಂಬಂಧ ಮುಗಿಯಿತೆಂದು ನಂಬಿದ್ದೆನು. ಅವರಿಗೆ ಬರೆಹದಲ್ಲಿ ತಿಳಿಸಿರಲಿಲ್ಲ, ಬ್ಯಾಂಕಿಗೆ ಕೊಟ್ಟ ಅನುಮತಿಯನ್ನೂ ಹಿಂದಕ್ಕೆ ಪಡೆದಿರಲಿಲ್ಲ. ಜೂನಿನಿಂದ ಫೆಬ್ರವರಿಯ ವರೆಗೆ ಒಂಬತ್ತು ತಿಂಗಳು, 5,301 ರೂಪಾಯಿ. ನವೆಂಬರಿನಲ್ಲಿ ಮತ್ತೊಂದು 1,499: ಎಂದೋ ಸಿನಿಮಾ ನೋಡಲು ಹಾಕಿಸಿದ್ದ ಆ್ಯಪಿನ ವರ್ಷಾಸನ. ಆ ಆ್ಯಪಿನಲ್ಲಿ ನಾವು ನೋಡಿದ್ದು ಒಂದೇ ಚಿತ್ರ, ಅದೂ ಅರ್ಧ. ಯಾರೂ ವಾಸವಿಲ್ಲದ ಮನೆಗೆ ಬಾಡಿಗೆ ಕಟ್ಟಿ, ಯಾರೂ ನೋಡದ ಸಿನಿಮಾಕ್ಕೆ ಟಿಕೆಟ್ಟು ಕೊಂಡು, ಹೆಂಡತಿಯ ವಿಮೆಗೆ ಹಣವಿಲ್ಲದಂತೆ ಮಾಡಿಕೊಂಡಿದ್ದೆನು. ಬಡ್ಡಿ ಸೇರಿದರೂ ನಾಲ್ಕು ಸಾವಿರ ಚಿಲ್ಲರೆ ಕೊರತೆಯಾಗಿದ್ದಿತು. ಅದರ ಮೇಲೆ ಬ್ಯಾಂಕಿನ ದಂಡ ಬೇರೆ.

ಮ್ಯಾನೇಜರು ಸಭ್ಯರು. “ವಿಮೆಯ ಕಂತಾದ್ದರಿಂದ ಇಷ್ಟಕ್ಕೆ ಮುಗಿಯಿತು, ಸಾರ್. ಸಾಲದ ಕಂತು ಹೀಗೆ ಹಿಂದಿರುಗಿದರೆ 2007ರ ಕಾಯಿದೆಯ 25ನೆಯ ಕಲಮಿನ ಪ್ರಕಾರ, ಚೆಕ್ಕು ಹಿಂದಿರುಗಿದಂತೆಯೇ, ಮೊಕದ್ದಮೆಗೆ ಅವಕಾಶವುಂಟು” ಎಂದರು. ನಾನು ಬೆವರೊರಸಿಕೊಂಡು, ಮೊದಲೇ ಏಕೆ ತಿಳಿಸಲಿಲ್ಲವೆಂದು ಕೇಳಿದೆನು. ತಿಳಿಸಿದ್ದರಂತೆ! ಕಾರ್ಡಿನಿಂದ ಹೀಗೆ ಮೇಲಿಂದ ಮೇಲೆ ಹಣ ತೆಗೆಯುವುದಕ್ಕೆ ಇಪ್ಪತ್ತನಾಲ್ಕು ಗಂಟೆ ಮೊದಲು ಖಾತೆದಾರನಿಗೆ ಸೂಚನೆ ಹೋಗಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸೂಚನೆಗಳು ತಪ್ಪದೆ ಹೋಗಿದ್ದವು, ನನ್ನ ಹಳೆಯ ಮೊಬೈಲಿನ ಸಂಖ್ಯೆಗೆ. ಆ ಮೊಬೈಲಾದರೋ ಗೌರಿ ಹಬ್ಬದ ಸಾಮಾನಿನ ಪೆಟ್ಟಿಗೆಯಲ್ಲಿ, ದೀಪದ ಕಂಬಗಳ ನಡುವೆ, ಚಾರ್ಜಿಲ್ಲದೆ ಮಲಗಿದ್ದಿತು. ನನ್ನಾಕೆಯ ಪಟ್ಟಿಯಲ್ಲಿ ಅದು ಇಪ್ಪತ್ತೆಂಟನೆಯ ಗಂಟು. ಬಹುದಿನ ಬಳಸದ ಸಂಖ್ಯೆಯನ್ನು ಕಂಪನಿಯವರು ಹಿಂದಕ್ಕೆ ಪಡೆದು ಬೇರೊಬ್ಬರಿಗೆ ಕೊಡುವುದೂ ಉಂಟಂತೆ. ನನ್ನ ಖಾತೆಯ ಸಮಾಚಾರವನ್ನು ಯಾವ ಪುಣ್ಯಾತ್ಮನು ಓದುತ್ತಿದ್ದನೋ!

ಅಂದು ಬ್ಯಾಂಕಿನಲ್ಲಿಯೇ ಕುಳಿತು ಹೊಸ ಸಂಖ್ಯೆಯನ್ನೂ ವಿಳಾಸವನ್ನೂ ಬರೆದುಕೊಟ್ಟೆನು. ಪಾಸ್‌ಬುಕ್ಕಿನಲ್ಲಿ ಮೂರು ತಿಂಗಳು ನೋಡಿದರೆ ಸಾಲದು, ಹದಿಮೂರು ತಿಂಗಳು ನೋಡಿ, ಎಂದು ಮ್ಯಾನೇಜರು ಹೇಳಿದರು. ವರ್ಷಕ್ಕೊಮ್ಮೆ ತಲೆಯೆತ್ತುವವು ಅಲ್ಲಿಯೇ ಅಡಗಿರುತ್ತವೆ. ಬೇಡವಾದ ಅನುಮತಿಗಳನ್ನು ರದ್ದು ಮಾಡಿಸಿ, ಇಂಟರ್‌ನೆಟ್ಟಿನವರಿಗೂ ಪತ್ರ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆನು. ಕಳೆದ ಹಣವನ್ನು ಅವರು ಹಿಂದಿರುಗಿಸಲಿಲ್ಲ. ಬರುವಾಗ ಅಜ್ಜಮ್ಮನಿಗೆ ಒಂದು ಚಿಪ್ಪು ಬಾಳೆಹಣ್ಣನ್ನೂ ನಮ್ಮ ಹೊಸ ವಿಳಾಸವನ್ನೂ ಕೊಟ್ಟು ನಮಸ್ಕರಿಸಿದೆನು.

ಮನೆಯಾಕೆಗೆ ಹೇಳಲು ಮತ್ತೊಂದು ವಾರ ಬೇಕಾಯಿತು. ನಲವತ್ತೊಂದು ಗಂಟುಗಳನ್ನು ಕಾಯ್ದವಳ ಮುಂದೆ ಒಂದೇ ಒಂದು ಗಂಟನ್ನು ಕಳೆದವನು ಹೇಗೆ ಬಾಯಿ ಬಿಡುವುದು? ಕೊನೆಗೊಂದು ಸಂಜೆ ಎಲ್ಲವನ್ನೂ ಹೇಳಿದೆನು. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. “ಅಲ್ಲಾಂದ್ರೆ, ಆ ಇಪ್ಪತ್ತಮೂರು ದಿನದಲ್ಲೇ ಅಲ್ಲವೆ ನಾನು ಉಪ್ಪಿನಕಾಯಿ ಭರಣಿ ಇಳಿಸೋದಕ್ಕೆ ಅಟ್ಟ ಹತ್ತಿದ್ದು? ಮೊದಲೇ ಹೇಳಿದ್ದರೆ ನಿಮ್ಮನ್ನೇ ಹತ್ತಿಸುತ್ತಿದ್ದೆ” ಎಂದಳು. ಮತ್ತೆ ಸೊಪ್ಪಿನ ಕಡೆಗೆ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ, ಆ ಪಟ್ಟಿಯ ನೋಟುಬುಕ್ಕನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಅರ್ಧಕ್ಕೂ ಹೆಚ್ಚು ಹಾಳೆಗಳು ಖಾಲಿಯಿದ್ದವು.

ಮೇ ತಿಂಗಳ ಕೊನೆಯಲ್ಲಿ ನನ್ನ ಮೊಬೈಲು ಸದ್ದು ಮಾಡಿತು. ಕನ್ನಡಕ ನನ್ನ ಕೈಗೆ ಸಿಗುವ ಮೊದಲೇ ಆಕೆ ಎತ್ತಿ ಓದಿದಳು. “ಯಾರೋ ಇಪ್ಪತ್ತು ರೂಪಾಯಿ ಹಿಡಿದುಕೊಂಡಿದ್ದಾರೆ ನೋಡಿ!” ಸರ್ಕಾರದ ಅಪಘಾತ ವಿಮೆಯ ವರ್ಷದ ಕಂತು ಅದು; ಇರಲೆಂದು ನಾನೇ ಬಿಟ್ಟಿದ್ದೆನು. ನೋಟುಬುಕ್ಕನ್ನು ತೆರೆದು ತಾರೀಖು ಹಾಕಿದೆನು.