ಗಾಜಿಗೆ ಅಂಟಿದ ನೆಂಟ

ಹುಣಸೂರು–ಪಿರಿಯಾಪಟ್ಟಣ ರಸ್ತೆಯ ಕಂಪಲಾಪುರ ಹೊಗೆಸೊಪ್ಪಿನ ಊರು. ಹರಾಜಿನ ದುಡ್ಡು ಕೈಸೇರಿದ ತಿಂಗಳಲ್ಲಿ ಇಂಥ ಊರಿನ ಮನೆಗಳಿಗೆ ಬರುವ ಹೊಸ ಸಾಮಾನುಗಳ ನಡುವೆ ಮಕ್ಕಳ ಹಠಕ್ಕೆ ಮಣಿದು ತಂದ ಮೀನಿನ ತೊಟ್ಟಿಯೂ ಒಂದಿರುವುದುಂಟು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ನಾಲ್ಕು ಗೋಲ್ಡ್‌ಫಿಶ್. ಜೊತೆಗೆ 'ತೊಟ್ಟಿಯನ್ನು ತಾನೇ ತೊಳೆಯುತ್ತೆ' ಎಂದು ಅಂಗಡಿಯವರು ಹೇಳಿ ಕೊಡುವ, ಬೆರಳುದ್ದದ ಕಪ್ಪು ಮೀನೊಂದು. ಮನೆಗೆ ಬಂದೊಡನೆ ಅದು ಗಾಜಿಗೆ ಬಾಯಿ ಅಂಟಿಸಿ ಕುಳಿತುಬಿಡುತ್ತದೆ. ಮಕ್ಕಳು ಅದಕ್ಕೆ 'ಸಕ್ಕರ್' ಎನ್ನುತ್ತಾರೆ.

ಅದರ ತೌರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ನಮ್ಮ ಬಾಳೆ ಮೀನು, ಚೇಳು ಮೀನುಗಳ ದೂರದ ಬಂಧುವಾದರೂ ನುಣುಪು ಮೈ ಇದಕ್ಕಿಲ್ಲ. ತಲೆಯಿಂದ ಬಾಲದವರೆಗೆ ಸಾಲುಸಾಲಾಗಿ ಎಲುಬಿನ ತಗಡುಗಳು. ಕವಚ ತೊಟ್ಟ ಸಿಪಾಯಿಯಂತೆ. ಹೊಟ್ಟೆಯ ಕಡೆಗೆ ತಿರುಗಿದ ಬಾಯಿ ಬಟ್ಟಲಿನಂತಿದ್ದು, ಅಂಟಿಕೊಳ್ಳಲೂ ಪಾಚಿ ಕೆರೆಯಲೂ ಒದಗುತ್ತದೆ.

ಗುರುತು ಹಿಡಿಯಲು ಬೆನ್ನಿನ ರೆಕ್ಕೆಯನ್ನು ನೋಡಬೇಕು. ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು ಕಡ್ಡಿಗಳನ್ನು ಎಣಿಸಿ. ಏಳೇ ಇದ್ದರೆ ಅದು ಹೈಪೊಸ್ಟೋಮಸ್ ಕುಲದ್ದು. ಹತ್ತು ಅಥವಾ ಹೆಚ್ಚಿದ್ದು, ರೆಕ್ಕೆ ಹಾಯಿಯಂತೆ ಬಿಚ್ಚಿಕೊಂಡರೆ ಟೆರಿಗೊಪ್ಲಿಕ್ತಿಸ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡನೆಯದೇ. ಅದರಲ್ಲೂ ಹೊಟ್ಟೆಯ ಚುಕ್ಕೆಗಳು ಬಿಡಿಬಿಡಿಯಾಗಿದ್ದರೆ ಪಾರ್ಡಾಲಿಸ್. ಒಂದಕ್ಕೊಂದು ಕೂಡಿ ಹಾವಿನಂತೆ ಹರಿದಿದ್ದರೆ ಡಿಸ್‌ಜಂಕ್ಟಿವಸ್. ಎರಡೂ ಬೆರೆತ ತಳಿಗಳಿರುವುದರಿಂದ ಈ ಲಕ್ಷಣ ಕೆಲವೊಮ್ಮೆ ಕೈಕೊಡುವುದೂ ಉಂಟು. ಬೆರಳುದ್ದದ ಮರಿಯಲ್ಲಿ ಕಡ್ಡಿ ಎಣಿಸಲು ಭೂತಗನ್ನಡಿಯೂ ತಾಳ್ಮೆಯೂ ಬೇಕು. ಮಕ್ಕಳಿಗೆ ಅದೊಂದು ಒಳ್ಳೆಯ ವಿಜ್ಞಾನ ಪಾಠ.

ಸಾಕುವುದು ಕಷ್ಟವಲ್ಲ, ಆದರೆ ಅಂಗಡಿಯ ಮಾತನ್ನು ಪೂರ್ತಿ ನಂಬಬಾರದು. ಪಾಚಿಯೊಂದರಿಂದಲೇ ಅದರ ಹೊಟ್ಟೆ ತುಂಬದು. ರಾತ್ರಿ ಸಂಚಾರಿಯಾದ್ದರಿಂದ ದೀಪ ಆರಿಸಿದ ಮೇಲೆ ಸೌತೆಕಾಯಿಯ ಹೋಳು, ಬೇಯಿಸಿದ ಪಾಲಕ್ ಸೊಪ್ಪು, ತಳಕ್ಕೆ ಮುಳುಗುವ ಗುಳಿಗೆ ಹಾಕಬೇಕು. ಬೇರೆ ಮೀನುಗಳ ಹಿಕ್ಕೆಯನ್ನು ಅದು ತಿನ್ನುವುದಿಲ್ಲ; ತನ್ನದನ್ನೇ ಧಾರಾಳವಾಗಿ ಸೇರಿಸುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಹಿಡಿಯುವಾಗ ಬಲೆ ಬೇಡ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು.

ತೊಡಕು ಶುರುವಾಗುವುದು ಮೀನು ಬೆಳೆದ ಮೇಲೆ. ಅದು ಒಂದೂವರೆ ಅಡಿಯವರೆಗೂ ಬೆಳೆಯಬಲ್ಲದು. ಎರಡಡಿ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 55 ಲೀಟರು. ಅಷ್ಟರಲ್ಲಿ ಅದಕ್ಕೆ ಮಗ್ಗುಲು ಬದಲಿಸಲೂ ಜಾಗವಿಲ್ಲ. ಆಗ ಮನೆಯ ಅಜ್ಜಿಯ ತೀರ್ಪು ಬರುತ್ತದೆ: 'ಪಾಪ, ಬಾಯಿಲ್ಲದ ಜೀವ. ಕೆರೆಗೆ ಬುಟ್ಬುಡು ಮಗ, ಪುಣ್ಯ ಬತ್ತದೆ.' ಅಜ್ಜಿಯ ಕರುಣೆಯಲ್ಲಿ ಕಪಟವಿಲ್ಲ. ಕಷ್ಟವಿರುವುದು ಕೆರೆಗೆ.

ಕೆರೆಗೆ ಬಿದ್ದ ಈ ಮೀನು ಸಾಯುವುದಿಲ್ಲ, ಸಂಸಾರ ಹೂಡುತ್ತದೆ. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡುತ್ತದೆ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಗಂಡು ಕಾವಲು ಕೂರುತ್ತದೆ. ಬಿಲ ಹೆಚ್ಚಿದಂತೆ ದಂಡೆ ಸಡಿಲವಾಗುತ್ತದೆ. ಬಲೆಗೆ ಸಿಕ್ಕರೆ ಮುಳ್ಳಿನಿಂದ ಬಲೆಯನ್ನೇ ಹರಿಯುತ್ತದೆ. ಮೆಕ್ಸಿಕೋದ ಇನ್ಫಿಯೆರ್ನಿಯೋ ಜಲಾಶಯದಲ್ಲಿ ಜಿಲೇಬಿ ಮೀನು ಹಿಡಿದು ಬದುಕುತ್ತಿದ್ದವರ ಕಸುಬೇ ಇದರಿಂದ ಕೆಟ್ಟಿತು. ಕೇರಳ, ಆಂಧ್ರ, ತಮಿಳುನಾಡು, ಪಶ್ಚಿಮ ಬಂಗಾಳದ ನೀರುಗಳಲ್ಲೂ ಅದು ನೆಲೆಯೂರಿದೆ.

ಒಂದು ಹಳ್ಳಿಯ ಕೆರೆ ಎಂದು ಸುಮ್ಮನಿರುವಂತಿಲ್ಲ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಈ ಸೀಮೆಯ ನೀರು ಹಳ್ಳ ಹಿಡಿದು ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ ಹರಿಯುತ್ತದೆ. ಎರಡೂ ಕೂಡುವುದು ಕನ್ನಂಬಾಡಿಯ ಹಿನ್ನೀರಿನಲ್ಲಿ. ಕಾವೇರಿ ಕೊಳ್ಳದಲ್ಲಷ್ಟೇ ಇರುವ ದೊಡ್ಡ ಮಹಶೀರ್ ಮೀನು ಅಳಿವಿನ ಅಂಚಿಗೆ ಬಂದಿದೆಯೆಂದು 2018ರಲ್ಲಿ ಜಾಗತಿಕ ಕೆಂಪು ಪಟ್ಟಿಗೆ ಸೇರಿತು. ಈಗಾಗಲೇ ಸೊರಗಿರುವ ಹೊಳೆಗೆ ಹೊಸ ಹೊರೆ ಹೇರುವುದು ಸರಿಯಲ್ಲ.

ಹಾಗಾದರೆ ದಾರಿ? ಬೆಳೆದ ಮೀನನ್ನು ಅಂಗಡಿಗೇ ಮರಳಿಸಬಹುದು; ದೊಡ್ಡ ತೊಟ್ಟಿಯಿರುವವರಿಗೋ ಶಾಲೆಗೋ ಕೊಡಬಹುದು. ಕೊಳ್ಳುವ ಮೊದಲೇ ಯೋಚಿಸಿದರೆ ಇನ್ನೂ ಒಳ್ಳೆಯದು. ಪಾಚಿಗಾಗಿಯೇ ಬೇಕೆನ್ನುವವರು ಅದೇ ವಂಶದ ಆನ್ಸಿಸ್ಟ್ರಸ್ ಕೇಳಿ ತರಬಹುದು. ಗಂಡಿನ ಮೂತಿಯ ಮೇಲೆ ಕವಲು ಮೀಸೆಯಿರುವ ಈ ಮೀನು ಗೇಣುದ್ದವನ್ನೂ ಮೀರುವುದು ಅಪರೂಪ. ಆದರೆ ಅದನ್ನೂ ಕೆರೆಗೆ ಬಿಡುವಂತಿಲ್ಲ.

ಸಾಕಿದ ಜೀವವನ್ನು ಕೊನೆತನಕ ನೋಡಿಕೊಳ್ಳುವುದೂ ಪುಣ್ಯವೇ. ಅಜ್ಜಿಗೆ ಇದನ್ನು ತಿಳಿಸಿ ಹೇಳುವ ಕೆಲಸ ಮೊಮ್ಮಕ್ಕಳದು. ಬದನೆ ಗಿಡದ ಪಾತಿಯಲ್ಲಿ ಕಳೆ ಕಿತ್ತು ಗೊತ್ತಿರುವ ಅಜ್ಜಿಗೆ ಅದು ಬೇಗ ಅರ್ಥವಾದೀತು.